ಕಳ್ಳಬೇಟೆ: ಫೋಟೊದಲ್ಲಿ ಕಾಣದವರು

ಸಂಪಾದಕರಿಗೆ,

ಮಾನ್ಯರೇ,

ಕಳ್ಳಬೇಟೆಗಾರರು ಸಿಕ್ಕಿಬಿದ್ದ ಸುದ್ದಿ ಬಂದಾಗಲೆಲ್ಲ ಅದರ ಜೊತೆ ಬರುವ ಫೋಟೊ ಹೆಚ್ಚುಕಡಿಮೆ ಒಂದೇ ಥರ ಇರುತ್ತದೆ. ಹಿಂದೆ ಸಾಲಾಗಿ ನಿಂತ ಸಿಬ್ಬಂದಿ. ಮುಂದೆ ಕುಕ್ಕರಗಾಲಲ್ಲಿ ಕೂತು ತಲೆ ತಗ್ಗಿಸಿದ ಇಬ್ಬರೋ ಮೂವರೋ. ಅವರೆದುರು ಜೋಡಿಸಿಟ್ಟ ನಾಡಬಂದೂಕು, ಟಾರ್ಚು, ತಂತಿಯ ಸುರುಳಿ, ಪ್ಲಾಸ್ಟಿಕ್ ಚೀಲದಲ್ಲಿ ಮಾಂಸ. ಸತ್ತ ಪ್ರಾಣಿ ಯಾವುದು, ಮಾಂಸ ಎಷ್ಟು ಕೆ.ಜಿ., ಯಾವ ಕಾಯ್ದೆಯಡಿ ಮೊಕದ್ದಮೆ, ಎಲ್ಲವೂ ವರದಿಯಲ್ಲಿರುತ್ತದೆ. ಅವರು ಯಾಕೆ ಆ ಕೆಲಸಕ್ಕೆ ಇಳಿದರು ಎಂಬುದು ಮಾತ್ರ ಇರುವುದಿಲ್ಲ. ಕಾಡುಪ್ರಾಣಿ ಉಳಿಯಬೇಕು ಎಂದು ಬಯಸುವವರಲ್ಲಿ ನಾನೂ ಒಬ್ಬ. ಆ ಪ್ರಶ್ನೆ ಕೇಳದೆ ಪ್ರಾಣಿಗಳನ್ನು ಉಳಿಸಲಾಗದು ಎನ್ನಿಸಿ ಈ ಪತ್ರ ಬರೆಯುತ್ತಿದ್ದೇನೆ.

ಕಾಡಿನಿಂದ ತೆಗೆದ ಉರುಳೊಂದನ್ನು ಒಮ್ಮೆ ಕೈಯಲ್ಲಿ ಹಿಡಿದು ನೋಡಿದ್ದೆ. ಸೈಕಲ್ಲಿನ ಬ್ರೇಕ್ ತಂತಿ. ಒಂದು ತುದಿಯಲ್ಲಿ ಪುಟ್ಟ ಕಣ್ಣು, ಅದರೊಳಗಿಂದ ಇನ್ನೊಂದು ತುದಿ ತೂರಿಸಿದರೆ ಕುಣಿಕೆ, ಅಷ್ಟೇ. ಪ್ರಾಣಿ ಓಡಾಡುವ ಜಾಡಿನಲ್ಲಿ ಅದರ ಕುತ್ತಿಗೆಯ ಎತ್ತರಕ್ಕೆ ತೂಗಿಬಿಟ್ಟು, ಬುಡವನ್ನು ಗಿಡಕ್ಕೆ ಬಿಗಿಯುತ್ತಾರೆ. ಉಳಿದ ಕೆಲಸ ಪ್ರಾಣಿಯದೇ. ಬಿಡಿಸಿಕೊಳ್ಳಲು ಎಳೆದಷ್ಟೂ ಕುಣಿಕೆ ಬಿಗಿಯುತ್ತದೆ. ಗಬ್ಬದ ಜಿಂಕೆ, ಚಿರತೆ, ಆನೆಮರಿಯ ಸೊಂಡಿಲು ಎಂಬ ಭೇದ ಅದಕ್ಕಿಲ್ಲ. ಕಟ್ಟಿದವನು ನಾಲ್ಕು ದಿನ ಆ ಕಡೆ ಬಾರದಿದ್ದರೆ ಸಿಕ್ಕಿದ್ದು ಅಲ್ಲೇ ಕೊಳೆಯುತ್ತದೆ. ನನ್ನ ಕೈಗೆ ಬಂದ ಉರುಳಿನ ಎಳೆಗಳ ನಡುವೆ ಕಂದು ಬಣ್ಣದ ಗಿಡ್ಡ ಕೂದಲು ಸಿಕ್ಕಿಕೊಂಡಿತ್ತು. ಲಾವೋಸ್, ಕಾಂಬೋಡಿಯಾ, ವಿಯೆಟ್ನಾಂ ದೇಶಗಳ ಸಂರಕ್ಷಿತ ಪ್ರದೇಶಗಳಲ್ಲಿ ಇಂಥ ಉರುಳುಗಳು 1.2 ಕೋಟಿಗೂ ಹೆಚ್ಚಿವೆ ಎಂದು ವನ್ಯಜೀವಿ ಸಂರಕ್ಷಣಾ ಸಂಸ್ಥೆ ಡಬ್ಲ್ಯುಡಬ್ಲ್ಯುಎಫ್ 2020ರಲ್ಲಿ ಅಂದಾಜು ಮಾಡಿತು. ಇಷ್ಟೊಂದು ಉರುಳು ಕಟ್ಟಲು ಎಷ್ಟು ಕೈ ಬೇಕು! ಅಷ್ಟೂ ಜನ ಕೆಟ್ಟವರಾಗಿ ಹುಟ್ಟಿದರೆಂದು ನಂಬಲು ನನ್ನಿಂದಾಗದು.

ಹಸಿವಿನಿಂದ ಶುರು ಮಾಡುತ್ತೇನೆ, ಯಾಕೆಂದರೆ ಅದನ್ನು ನೆಪ ಎಂದು ತಳ್ಳಿಹಾಕುವವರೇ ಹೆಚ್ಚು. ಘಾನಾ ದೇಶದಲ್ಲಿ 1970ರಿಂದ 1998ರವರೆಗೆ ಸಮುದ್ರದ ಮೀನು ಎಷ್ಟು ಸಿಕ್ಕಿತು, ಅದೇ ವರ್ಷಗಳಲ್ಲಿ ಅಭಯಾರಣ್ಯಗಳ ಪ್ರಾಣಿಗಳ ಸ್ಥಿತಿ ಏನಾಯಿತು ಎಂಬ ಲೆಕ್ಕವನ್ನು ಸಂಶೋಧಕರು ಒಟ್ಟಿಗೆ ಇಟ್ಟು ನೋಡಿದರು. 2004ರಲ್ಲಿ ಪ್ರಕಟವಾದ ಆ ಅಧ್ಯಯನ ಹೇಳಿದ್ದು ಇಷ್ಟು: ಮೀನು ಕಡಿಮೆಯಾದ ವರ್ಷ ಕಾಡಿನಲ್ಲಿ ಬೇಟೆ ಹೆಚ್ಚಾಗುತ್ತಿತ್ತು, ಪ್ರಾಣಿಗಳು ವೇಗವಾಗಿ ಕಡಿಮೆಯಾಗುತ್ತಿದ್ದವು. ಆ ಕಡಲಲ್ಲಿ ಯುರೋಪಿನ ದೊಡ್ಡ ಹಡಗುಗಳು ತಮ್ಮ ಸರ್ಕಾರಗಳ ಸಬ್ಸಿಡಿ ಪಡೆದು ಮೀನು ಬಾಚುತ್ತಿದ್ದವು. ಬಲೆ ಬಿದ್ದದ್ದು ಸಮುದ್ರಕ್ಕೆ, ಸತ್ತದ್ದು ದೂರದ ಕಾಡಿನ ಪ್ರಾಣಿ. ಅಲ್ಲಿ ಬಂದೂಕು ಹಿಡಿದವನನ್ನು ಜೈಲಿಗೆ ಹಾಕಬಹುದು, ಆದರೆ ಅವನ ಮಕ್ಕಳ ಊಟದಿಂದ ಮೀನು ಮಾಯವಾದದ್ದಕ್ಕೆ ಯಾರನ್ನು ಹಿಡಿಯುವುದು?

ಎಲ್ಲರೂ ಹಸಿದವರೇ ಎಂದು ನಾನು ವಾದಿಸುತ್ತಿಲ್ಲ. ಹೊಟ್ಟೆ ತುಂಬಿದವರೂ ಹೊಡೆಯುತ್ತಾರೆ. ಜೀಪಿನ ದೀಪ ಕಣ್ಣಿಗೆ ಬಿದ್ದ ಜಿಂಕೆ ಓಡದೆ ಕಲ್ಲಿನಂತೆ ನಿಂತುಬಿಡುತ್ತದೆ, ಎರಡು ಕಣ್ಣು ಕೆಂಡದಂತೆ ಹೊಳೆಯುತ್ತವೆ. ಹಾಗೆ ನಿಂತದ್ದಕ್ಕೆ ಗುಂಡಿಟ್ಟು ಗೆಳೆಯರ ನಡುವೆ ಮೀಸೆ ತಿರುವುವವರಿಗೆ ಯಾವ ಕಷ್ಟವೂ ಇಲ್ಲ, ಅವರ ವಿಷಯದಲ್ಲಿ ನನಗೆ ಕನಿಕರವೂ ಇಲ್ಲ. ಅವರಿಗೆ ದಂಡ, ಜೈಲು, ಬಂದೂಕಿನ ಲೈಸೆನ್ಸ್ ರದ್ದು ಎಲ್ಲವೂ ಆಗಲಿ.

ಹಸಿವು, ಶೋಕಿ ಎರಡಕ್ಕಿಂತಲೂ ಕಡಿಮೆ ಚರ್ಚೆಯಾಗುವ ಕಾರಣ ಸಿಟ್ಟು. ವರ್ಷವಿಡೀ ದುಡಿದು ಬೆಳೆದದ್ದನ್ನು ಕಾಡುಹಂದಿಯೋ ಜಿಂಕೆಯೋ ಒಂದೇ ರಾತ್ರಿಯಲ್ಲಿ ಮುಗಿಸಿ ಹೋದಾಗ ರೈತ ಅದನ್ನು ಓಡಿಸಬಹುದು, ಅನುಮತಿಯಿಲ್ಲದೆ ಕೊಲ್ಲುವಂತಿಲ್ಲ. ಪರಿಹಾರಕ್ಕೆ ಅರ್ಜಿ ಹಾಕಿ ಅಲೆಯುವಷ್ಟರಲ್ಲಿ ಮುಂದಿನ ಬಿತ್ತನೆ ಬಂದಿರುತ್ತದೆ. ಮೊದಲ ಉರುಳು ಹೊಲದ ಬದಿಗೆ ಬೀಳುವುದು ಆಗ. ಮಾಂಸದ ಆಸೆ ಆಮೇಲಿನದು. ಇದು ಹಳೆಯ ಕಥೆಯೂ ಹೌದು. ಇಂಗ್ಲೆಂಡಿನಲ್ಲಿ 1671ರ ಕಾಯ್ದೆಯ ಪ್ರಕಾರ ಜಮೀನಿನಿಂದ ವರ್ಷಕ್ಕೆ 100 ಪೌಂಡ್ ಆದಾಯ ಇರುವವರಿಗೇ ಹೆಚ್ಚುಕಡಿಮೆ ಬೇಟೆಯ ಹಕ್ಕು. ಸಣ್ಣ ರೈತ ತನ್ನ ಪೈರು ತಿಂದ ಮೊಲವನ್ನೂ ಕೊಲ್ಲುವಂತಿರಲಿಲ್ಲ. ಜನ ಮುಖಕ್ಕೆ ಮಸಿ ಬಳಿದುಕೊಂಡು ಧಣಿಗಳ ಜಿಂಕೆವನಗಳಿಗೆ ನುಗ್ಗಿದರು. 1723ರಲ್ಲಿ ಸರ್ಕಾರ ಅದಕ್ಕೆ ಮರಣದಂಡನೆಯನ್ನೇ ವಿಧಿಸಿತು. ಆದರೂ ಕಳ್ಳಬೇಟೆ ನಿಲ್ಲಲಿಲ್ಲ. ನೇಣಿನ ಆ ಕಾಯ್ದೆ 1820ರ ದಶಕದಲ್ಲಿ ಬಹುಪಾಲು ರದ್ದಾಯಿತು, ಬೇಟೆಗೆ ಇಷ್ಟು ಆಸ್ತಿ ಇರಲೇಬೇಕೆಂಬ ನಿಯಮವೂ 1831ರಲ್ಲಿ ಹೋಯಿತು.

ಉಗಾಂಡಾದ ಬ್ವಿಂಡಿ ಕಾಡು 1991ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ಅದನ್ನೇ ನಂಬಿ ಬದುಕಿದ್ದ ಬಟ್ವಾ ಜನರನ್ನು ಹೊರಹಾಕಿದರು. ಗೊರಿಲ್ಲಾ ನೋಡಲು ಪ್ರಪಂಚದ ಮೂಲೆಮೂಲೆಯಿಂದ ಪ್ರವಾಸಿಗರು ಬಂದರು, ದುಡ್ಡೂ ಬಂತು. ಆದರೂ ಕಾಡಿಗೆ ಕದ್ದು ಹೋಗುವುದು ನಿಲ್ಲದಿದ್ದಾಗ, ಯಾರು ಹೋಗುತ್ತಾರೆ, ಯಾಕೆ ಎಂದು ಸಂಶೋಧಕರು ಊರೂರು ಸುತ್ತಿ ಕೇಳಿದರು. ಹೋಗುವವರು ಬಡವರು, ರಸ್ತೆ ಪೇಟೆಗಳಿಂದ ದೂರ ಉಳಿದವರು ಎಂಬುದು ಗೊತ್ತಾಯಿತು. ಜೊತೆಗೆ ಇನ್ನೊಂದೂ ಹೊರಬಿತ್ತು: ಬೆಳೆ ಹೋಗುವುದು ನಮ್ಮದು, ಲಾಭ ಬೇರೆಯವರಿಗೆ ಎಂಬ ಅನ್ಯಾಯದ ಭಾವನೆ. ಗಾಯದ ಮೇಲೆ ಬರೆ ಎಳೆದಂತೆ ಅದೇ ಜನರ ಮೇಲೆ ಕೇಸಿನ ಮೇಲೆ ಕೇಸು ಹಾಕುತ್ತ ಹೋದರೆ, ಕಾಡಿನೊಳಗೆ ಅಪರಿಚಿತ ಬಂದೂಕು ಕಂಡರೂ ಅವರು ಬಾಯಿ ಬಿಡುವುದಿಲ್ಲ. ಕಾಡಿಗೆ ಅದಕ್ಕಿಂತ ದೊಡ್ಡ ನಷ್ಟ ನನಗಂತೂ ತೋಚದು.

ಆ ಅಪರಿಚಿತ ಬಂದೂಕಿನ ಹಿಂದೆ ಇರುವುದು ದಲ್ಲಾಳಿ. ದಕ್ಷಿಣ ಆಫ್ರಿಕಾದಲ್ಲಿ 2007ರಲ್ಲಿ ಕಳ್ಳಬೇಟೆಗೆ ಬಲಿಯಾದ ಘೇಂಡಾಮೃಗಗಳು 13. 2014ರಲ್ಲಿ 1,215. ಏಳು ವರ್ಷದಲ್ಲಿ ಕಾಡಂಚಿನ ಜನ ಏಕಾಏಕಿ ಅಷ್ಟು ಕ್ರೂರಿಗಳಾದರೇ? ಇಲ್ಲ, ಕೊಂಬಿಗೆ ವಿಯೆಟ್ನಾಂ, ಚೀನಾಗಳಲ್ಲಿ ಬೇಡಿಕೆ ಏರಿತು. ನಮ್ಮ ಉಗುರಿನಲ್ಲಿರುವ ಕೆರಾಟಿನ್ನೇ ಆ ಕೊಂಬಿನಲ್ಲೂ ಇರುವುದು. ಅದನ್ನು ಔಷಧಿ, ಅಂತಸ್ತು ಎಂದು ಕೊಳ್ಳುವವರು ಸಾವಿರಾರು ಮೈಲಿ ದೂರದಲ್ಲಿ ಕೂತಿರುತ್ತಾರೆ. ಗುಂಡು ಹಾರಿಸಿ ಗುಂಡು ತಿನ್ನುವವನಿಗೆ ಸಿಗುವುದು ಕೊನೆಯ ಬೆಲೆಯ ಒಂದು ಚೂರು. ಅವನು ಸತ್ತರೆ ಮರುದಿನವೇ ಇನ್ನೊಬ್ಬ ಸಿಗುತ್ತಾನೆ, ದಲ್ಲಾಳಿಗೆ ಏನೂ ಆಗುವುದಿಲ್ಲ.

ಮಧ್ಯ ಏಷ್ಯಾದ ಸೈಗಾ ಎಂಬ ಹುಲ್ಲೆಯ ಕಥೆಯಲ್ಲಿ ಬಡತನ, ಕೊಂಬಿನ ಬೇಡಿಕೆ ಎರಡೂ ಕಾರಣ ಕೂಡಿಕೊಂಡವು. 1991ರಲ್ಲಿ ಸೋವಿಯತ್ ಒಕ್ಕೂಟ ಕುಸಿದು ಹಳ್ಳಿಯ ಸರ್ಕಾರಿ ತೋಟಗಳು ಮುಚ್ಚಿದವು, ಸಂಬಳ ನಿಂತಿತು, ಅದೇ ಹೊತ್ತಿಗೆ ಕೊಂಬು ಕೊಳ್ಳುವವರಿಗೆ ಗಡಿ ತೆರೆಯಿತು. ಹತ್ತು ಲಕ್ಷದಷ್ಟಿದ್ದ ಸೈಗಾ ಹತ್ತೇ ಹನ್ನೆರಡು ವರ್ಷದಲ್ಲಿ 50 ಸಾವಿರದ ಆಸುಪಾಸಿಗೆ ಇಳಿಯಿತು. ಕೊಂಬಿರುವುದು ಗಂಡಿಗೆ ಮಾತ್ರ. ಗಂಡುಗಳನ್ನೇ ಹುಡುಕಿ ಹೊಡೆದದ್ದರಿಂದ ಹೆಣ್ಣುಗಳಿಗೆ ಜೊತೆ ಸಿಗದೆ ಮರಿ ಹುಟ್ಟುವುದೇ ಕುಸಿಯಿತು. ಕಾವಲು, ಸಂರಕ್ಷಿತ ಪ್ರದೇಶ, ಜನರ ಸಹಕಾರ ಎಲ್ಲ ಸೇರಿ ಈಗ ಕಜಕಸ್ತಾನದಲ್ಲೇ ಅವು ಹತ್ತು ಲಕ್ಷ ದಾಟಿವೆ. ಅಂದರೆ ಸರಿಪಡಿಸಲು ಆಗುತ್ತದೆ.

ಕಾವಲು ಬೇಡ ಎಂದಲ್ಲ, ಖಂಡಿತ ಬೇಕು. ಜಾಂಬಿಯಾದ ಲುವಾಂಗ್ವಾ ಕಣಿವೆಯ ಅನುಭವವನ್ನು ಅಧ್ಯಯನ ಮಾಡಿದವರು ಕಂಡದ್ದೂ ಅದನ್ನೇ: ಶಿಕ್ಷೆ ಎಷ್ಟು ಘೋರ ಎಂಬುದಕ್ಕಿಂತ, ಸಿಕ್ಕಿಬೀಳುವುದು ಎಷ್ಟು ಖಚಿತ ಎಂಬುದೇ ಬೇಟೆಗಾರನನ್ನು ತಡೆಯುತ್ತದೆ. ಸಿಕ್ಕಿಬೀಳುವುದು ಖಚಿತವಾಗಬೇಕಾದರೆ ಕಾಡಂಚಿನವರು ಕಾಡಿನ ಪರ ಇರಬೇಕು.

ನಮೀಬಿಯಾದಲ್ಲಿ ಅದನ್ನು ಮಾಡಿ ತೋರಿಸಿದರು. 1980ರ ದಶಕದ ಆರಂಭದ ಭೀಕರ ಬರಕ್ಕೆ ವಾಯವ್ಯ ಭಾಗದ ಜಾನುವಾರುಗಳಲ್ಲಿ ಹೆಚ್ಚಿನವು ಸತ್ತವು, ಆನೆ ಘೇಂಡಾಮೃಗಗಳ ಬೇಟೆ ಮಿತಿಮೀರಿತ್ತು. ಗಾರ್ತ್ ಓವನ್-ಸ್ಮಿತ್ ಎಂಬ ವನ್ಯಜೀವಿ ಸಂರಕ್ಷಕರು ಊರ ಮುಖಂಡರ ಮುಂದೆ ಕೂತು ಮಾತಾಡಿದರು. ಕಾವಲುಗಾರರನ್ನು ಮುಖಂಡರೇ ಆರಿಸಿದರು. ಆರಿಸಿದ್ದು ಪ್ರಾಣಿಯ ಜಾಡು ಚೆನ್ನಾಗಿ ಬಲ್ಲವರನ್ನು, ಅಂದರೆ ಹಲವು ಕಡೆ ಹಳೆಯ ಬೇಟೆಗಾರರನ್ನೇ. ಮೊದಲಿಗೆ ಕೊಟ್ಟ ಸಂಬಳ ಬಹುತೇಕ ರೇಷನ್ನು. 1996ರ ಕಾನೂನು ವನ್ಯಜೀವಿಗಳಿಂದ ಬರುವ ಆದಾಯದ ಹಕ್ಕನ್ನು ಊರಿನವರಿಗೇ ಕೊಟ್ಟಿತು. ಇಂದು ಅಂಥ 80ಕ್ಕೂ ಹೆಚ್ಚು ಸಮುದಾಯ ಸಂರಕ್ಷಣಾ ಪ್ರದೇಶಗಳಿವೆ. ಕಳ್ಳಬೇಟೆ ಅಲ್ಲಿ ಪೂರ್ತಿ ನಿಂತಿಲ್ಲ, ಘೇಂಡಾಮೃಗಕ್ಕೆ ಕಂಟಕ ಇನ್ನೂ ಇದೆ. ಆದರೆ ನಿನ್ನೆಯವರೆಗೆ ಜಾಡು ಹಿಡಿದು ಕೊಲ್ಲುತ್ತಿದ್ದವನು ಜಾಡು ಹಿಡಿದು ಕಾಯತೊಡಗಿದ, ಅದು ಅವನ ಊರಿನ ಮಾತಿನಿಂದಲೇ ಆಯಿತು.

ಆದ್ದರಿಂದ ತಮ್ಮಲ್ಲಿ ಒಂದು ವಿನಂತಿ. ಮುಂದಿನ ಸಲ ಅಂಥ ಫೋಟೊ ಬಂದಾಗ ನಿಮ್ಮ ವರದಿಗಾರರು ಇನ್ನೂ ಮೂರು ಪ್ರಶ್ನೆ ಕೇಳಲಿ. ಮಾಂಸವನ್ನೋ ಕೊಂಬನ್ನೋ ಕೊಳ್ಳುತ್ತೇವೆಂದು ಹೇಳಿದ್ದವರು ಯಾರು, ಅವರ ಬಂಧನ ಆಯಿತೇ? ಆರೋಪಿಯ ಹೊಲಕ್ಕೆ ಪ್ರಾಣಿ ನುಗ್ಗಿತ್ತೇ, ಪರಿಹಾರ ಸಿಕ್ಕಿತ್ತೇ? ಇದಕ್ಕೆ ಮೊದಲು ಅವನ ದುಡಿಮೆ ಏನಿತ್ತು, ಅದು ಯಾವಾಗ ನಿಂತಿತು? ಉತ್ತರ ಆ ದಿನವೇ ಸಿಗಲಿಕ್ಕಿಲ್ಲ. ಸಿಕ್ಕ ದಿನ, ಬಂಧನದ ಸುದ್ದಿ ಬಂದ ಅದೇ ಪುಟದಲ್ಲಿ ಅದನ್ನೂ ಪ್ರಕಟಿಸಿ.

ಇಂತಿ,
ನಿಮ್ಮ ಪತ್ರಿಕೆಯ ಓದುಗ