ನಿಕೋಡೆಮಸ್ ಊರಿನ ಚರಿತ್ರೆ ಕನ್ನಡದಲ್ಲಿ: ನಿಮ್ಮ ದೇಣಿಗೆಗಾಗಿ ಮನವಿ

ಆತ್ಮೀಯ ಕನ್ನಡ ಬಂಧುಗಳೇ,

ಅಮೆರಿಕದ ಕ್ಯಾನ್ಸಸ್ ರಾಜ್ಯದಲ್ಲಿ ನೆಲೆಸಿರುವ ಕೆಲವು ಕನ್ನಡ ಕುಟುಂಬಗಳು ಕೂಡಿ ನಡೆಸುತ್ತಿರುವ ವಾರಾಂತ್ಯದ ಕನ್ನಡ ಶಾಲೆ ನಮ್ಮದು. ಈ ಬಾರಿ ನಮ್ಮ ಟ್ರಸ್ಟ್ ಹಣ ಕೇಳುತ್ತಿರುವುದು ಕಟ್ಟಡಕ್ಕಲ್ಲ, ರಾಜ್ಯೋತ್ಸವದ ಊಟಕ್ಕೂ ಅಲ್ಲ. ರಾಜ್ಯದ ವಾಯವ್ಯ ಭಾಗದ ಗ್ರಹಾಂ ಕೌಂಟಿಯಲ್ಲಿ ನಿಕೋಡೆಮಸ್ ಎಂಬ ಬೇಸಾಯದ ಊರೊಂದಿದೆ. ಗುಲಾಮಗಿರಿಯಿಂದ ಬಿಡುಗಡೆಯಾದ ಕಪ್ಪು ಜನರು ಕಟ್ಟಿದ ಊರು. ಈಗ ಅಲ್ಲಿ ಉಳಿದಿರುವುದು ಬೆರಳೆಣಿಕೆಯ ಮನೆಗಳು. ಆ ಊರಿನ ಚರಿತ್ರೆಯನ್ನು ಮಕ್ಕಳಿಗಾಗಿ ಕನ್ನಡದಲ್ಲಿ ಪುಸ್ತಕವಾಗಿ ತರಬೇಕು, ಮಕ್ಕಳನ್ನು ಒಮ್ಮೆ ಅಲ್ಲಿಗೆ ಕರೆದುಕೊಂಡು ಹೋಗಬೇಕು ಎಂಬುದು ನಮ್ಮ ಯೋಜನೆ.

ಕನ್ನಡ ಶಾಲೆಯ ಹಣ ಕನ್ನಡಕ್ಕೇ ಹೋಗಬೇಕಲ್ಲವೇ ಎಂಬ ಪ್ರಶ್ನೆ ನಮ್ಮ ಸಭೆಯಲ್ಲೇ ಎದ್ದಿತು. ನ್ಯಾಯವಾದ ಪ್ರಶ್ನೆ. ನಮ್ಮ ಮಕ್ಕಳು ಕಿತ್ತೂರು ಚೆನ್ನಮ್ಮನ ಕಥೆಯನ್ನು ಕನ್ನಡದಲ್ಲಿ ಕೇಳುತ್ತಾರೆ, ತಾವು ಹುಟ್ಟಿ ಬೆಳೆದ ನೆಲದ ಕಥೆಯನ್ನು ಮಾತ್ರ ಇಂಗ್ಲಿಷಿನಲ್ಲೇ ಓದಬೇಕಾಗಿದೆ. ಮನೆಯ ಹೊರಗಿನ ಲೋಕವನ್ನು ಹೇಳಲು ಬಾರದ ಭಾಷೆ ಮಕ್ಕಳ ಬಾಯಲ್ಲಿ ಎಷ್ಟು ದಿನ ಉಳಿದೀತು? ಪುಸ್ತಕ ಬೇಕು ಎನ್ನುವುದಕ್ಕೆ ಈ ಒಂದೇ ಕಾರಣ ಸಾಕು ಎಂದು ಸಭೆ ಒಪ್ಪಿತು.

ಊರು ಹುಟ್ಟಿದ್ದು 1877ರಲ್ಲಿ. ಗುಲಾಮಗಿರಿ ಕಾನೂನಿನಲ್ಲಿ ಅಳಿದು ಹನ್ನೆರಡು ವರ್ಷವಾಗಿದ್ದರೂ ಕೆಂಟಕಿ ರಾಜ್ಯದ ಕಪ್ಪು ಜನರಲ್ಲಿ ಬಹುಪಾಲು ಮಂದಿಗೆ ತುಂಡು ನೆಲವೂ ದಕ್ಕಿರಲಿಲ್ಲ. ಇತ್ತ ಕ್ಯಾನ್ಸಸ್‌ನಲ್ಲಿ, 1862ರ ಹೋಮ್‌ಸ್ಟೆಡ್ ಕಾಯ್ದೆಯ ಪ್ರಕಾರ, ಐದು ವರ್ಷ ನೆಲೆನಿಂತು ಉತ್ತು ಬಿತ್ತಿ ತೋರಿಸಿದವರಿಗೆ 160 ಎಕರೆಯವರೆಗೆ ಸರ್ಕಾರಿ ಭೂಮಿ ಸ್ವಂತವಾಗುತ್ತಿತ್ತು. ಡಬ್ಲ್ಯು. ಆರ್. ಹಿಲ್ ಎಂಬ ಬಿಳಿಯ ಭೂವ್ಯವಹಾರಸ್ಥ ಮತ್ತು ಡಬ್ಲ್ಯು. ಎಚ್. ಸ್ಮಿತ್ ಎಂಬ ಕಪ್ಪು ಪಾದ್ರಿ ಸೇರಿ ಕಂಪನಿಯೊಂದನ್ನು ಕಟ್ಟಿ ಕರಪತ್ರ ಹಂಚಿಸಿದರು. ಐದು ಡಾಲರ್ ಕೊಟ್ಟವರು ಹೊಸ ಊರಿಗೆ ಸೇರಬಹುದು. ಅಲ್ಲಿ ನೆಲ ಫಲವತ್ತು, ನೀರಿಗೆ ಕೊರತೆಯಿಲ್ಲ. ನಿವೇಶನ ಮಾರುವವರ ಮಾತು ಆಗಲೂ ಹೀಗೇ ಇತ್ತು.

ಆ ಸೆಪ್ಟೆಂಬರಿನಲ್ಲಿ ಕೆಂಟಕಿಯ ಜಾರ್ಜ್‌ಟೌನ್ ಸುತ್ತಮುತ್ತಲಿನ ಮುನ್ನೂರಕ್ಕೂ ಹೆಚ್ಚು ಜನ ಎಲ್ಲಿಸ್ ಎಂಬ ನಿಲ್ದಾಣದವರೆಗೆ ರೈಲಿನಲ್ಲಿ ಬಂದು, ಅಲ್ಲಿಂದ ಬಯಲಿನಲ್ಲಿ ನಡೆದು ಊರು ಸೇರಿದರು. ಸೇರಿದರು ಎನ್ನಲು ಊರು ಎಲ್ಲಿತ್ತು? ಮರುವರ್ಷ ಗಂಡನೊಡನೆ ಬಂದ ವಿಲಿಯಾನಾ ಹಿಕ್‌ಮನ್ ಎಂಬ ಹೆಣ್ಣುಮಗಳು ತನ್ನ ನೆನಪನ್ನು ಮುಂದೆ ಹೇಳಿಕೊಂಡಿದ್ದಾರೆ. ಕಣ್ಣರಳಿಸಿ ಎಷ್ಟು ನೋಡಿದರೂ ಮನೆ ಕಾಣಲಿಲ್ಲವಂತೆ. ಊರೆಲ್ಲಿ ಎಂದು ಕೇಳಿದಾಗ ಗಂಡ ತೋರಿಸಿದ್ದು ನೆಲದೊಳಗಿನಿಂದ ಅಲ್ಲಲ್ಲಿ ಏಳುತ್ತಿದ್ದ ಹೊಗೆಯನ್ನು. ಮರವೇ ಇಲ್ಲದ ಆ ಬಯಲಿನಲ್ಲಿ ಜನರು ದಿಬ್ಬದ ಮೈಯನ್ನು ಅಗೆದು, ಮೇಲೆ ಗಳ, ಕುರುಚಲು, ಹುಲ್ಲುಹೆಂಟೆ ಹೊದಿಸಿ, ಅದರೊಳಗೆ ಸಂಸಾರ ಹೂಡಿದ್ದರು. ಆಕೆ ಅಲ್ಲೇ ಅತ್ತುಬಿಟ್ಟರು. ಮೊದಲ ತಂಡದ ಹಲವು ಕುಟುಂಬಗಳು ಅತ್ತು ಸುಮ್ಮನಾಗಲಿಲ್ಲ, ಬಂದ ದಾರಿಗೇ ತಿರುಗಿಕೊಂಡವು. ಉಳಿದವರಲ್ಲಿ ನೇಗಿಲು, ಕುದುರೆ ಇದ್ದವರು ಕೆಲವೇ ಮಂದಿ; ಹೆಚ್ಚಿನವರು ಗುದ್ದಲಿ, ಸನಿಕೆಗಳಿಂದಲೇ ಆ ಗಟ್ಟಿ ಹುಲ್ಲುಗಾವಲನ್ನು ಹೊಲ ಮಾಡಿದರು. ಆ ಮೊದಲ ಚಳಿಗಾಲದಲ್ಲಿ ಬೇಟೆ ಮುಗಿಸಿ ಹಿಂದಿರುಗುತ್ತಿದ್ದ ಓಸೇಜ್ ಬುಡಕಟ್ಟಿನವರು ಮಾಂಸ ಹಂಚಿದರೆಂದು ಊರಿನವರು ಇಂದಿಗೂ ನೆನೆಯುತ್ತಾರೆ. ಕ್ಯಾನ್ಸಸ್‌ನಿಂದಲೇ ಒಕ್ಕಲೆಬ್ಬಿಸಲ್ಪಟ್ಟವರು ಅಲ್ಲಿಗೆ ಹೊಸದಾಗಿ ಬಂದವರ ಹೊಟ್ಟೆ ತುಂಬಿಸಿದರು. ಈ ಪ್ರಸಂಗವನ್ನು ಪುಸ್ತಕದಲ್ಲಿ ಮುಚ್ಚಿಡುವುದಿಲ್ಲ, ಸಕ್ಕರೆ ಲೇಪಿಸುವುದೂ ಇಲ್ಲ.

ಮೊದಲ ಶಿಕ್ಷಕಿ ಜೆನ್ನಿ ಫ್ಲೆಚರ್ ಮಕ್ಕಳಿಗೆ ಪಾಠ ಹೇಳಿದ್ದು ಇಂಥದೇ ನೆಲಮನೆಯಲ್ಲಿ. ಆಕೆಯ ಗಂಡ ಜಕಾರಿ ಫ್ಲೆಚರ್ ಊರಿನ ಮೊದಲ ಪೋಸ್ಟ್‌ಮಾಸ್ಟರ್. 1878ರಲ್ಲಿ ಇಲ್ಲಿಗೆ ಬಂದ ಎಡ್ವರ್ಡ್ ಮೆಕೇಬ್ 1882ರಲ್ಲಿ ಕ್ಯಾನ್ಸಸ್ ರಾಜ್ಯದ ಲೆಕ್ಕಪರಿಶೋಧಕರಾಗಿ ಚುನಾಯಿತರಾದರು. ಸೋತು ಹಿಂದಿರುಗಬೇಕಿದ್ದ ಊರಿನಲ್ಲಿ ಹತ್ತೇ ವರ್ಷದೊಳಗೆ ಅಂಗಡಿ, ಹೋಟೆಲು, ಚರ್ಚು, ಬ್ಯಾಂಕು, ಎರಡು ಪತ್ರಿಕೆಗಳು!

ಅಷ್ಟರಲ್ಲಿ ರೈಲಿನ ಆಸೆ ಹುಟ್ಟಿತು. 1887ರಲ್ಲಿ ಊರವರು ರೈಲು ಕಂಪನಿಗೆ 16,000 ಡಾಲರ್ ಮೊತ್ತದ ಬಾಂಡ್ ಕೊಡಲು ಮತ ಹಾಕಿದರು. ಆ ಮಾರ್ಗ ಬರಲಿಲ್ಲ. ಮರುವರ್ಷ ಯೂನಿಯನ್ ಪೆಸಿಫಿಕ್ ಕಂಪನಿ ಹಳಿ ಹಾಕಿದ್ದು ಸಾಲೊಮನ್ ನದಿಯ ಆಚೆ ದಡದಲ್ಲಿ, ಕೆಲವೇ ಮೈಲಿ ದೂರದಲ್ಲಿ. ಅಲ್ಲಿ ಬೋಗ್ ಎಂಬ ಊರು ಎದ್ದಿತು, ವರ್ತಕರು ಗಂಟುಮೂಟೆ ಕಟ್ಟಿಕೊಂಡು ನದಿ ದಾಟಿದರು. ರೈತರಿಗೆ ಹೊಲ ಬಿಟ್ಟು ಹೋಗುವುದು ಅಷ್ಟು ಸುಲಭವಿರಲಿಲ್ಲ. ಅವರು ಇನ್ನೂ ನಲವತ್ತು ವರ್ಷ ಊರನ್ನು ಹಿಡಿದು ನಿಲ್ಲಿಸಿದರು. 1930ರ ದಶಕದ ಬರ ಮತ್ತು ಧೂಳುಬಿರುಗಾಳಿ ಅವರನ್ನೂ ಚದುರಿಸಿತು. 1953ರಲ್ಲಿ ಅಂಚೆ ಕಚೇರಿ ಮುಚ್ಚಿತು, 1960ರಲ್ಲಿ ಶಾಲೆ.

ಇಷ್ಟಾದರೂ ಊರಿನ ಹೆಸರು ನಕಾಶೆಯಿಂದ ಅಳಿಯದಿರಲು ಊರು ಬಿಟ್ಟು ಹೋದವರೇ ಕಾರಣ. ಪ್ರತಿ ವರ್ಷ ಜುಲೈ ಕೊನೆಯ ವಾರಾಂತ್ಯದಲ್ಲಿ, ತೌರಿನ ಜಾತ್ರೆಗೆ ಬರುವಂತೆ, ದೂರದ ರಾಜ್ಯಗಳಿಂದಲೂ ಮನೆತನದವರು ಇಲ್ಲಿಗೆ ಬರುತ್ತಾರೆ. 1834ರ ಆಗಸ್ಟ್ 1ರಂದು ಬ್ರಿಟಿಷ್ ವೆಸ್ಟ್ ಇಂಡೀಸ್‌ನಲ್ಲಿ ಗುಲಾಮಗಿರಿ ರದ್ದಾದ ನೆನಪಿಗೆ ಮೊದಲ ತಲೆಮಾರಿನವರು ಶುರುಮಾಡಿದ ಹಬ್ಬವದು. ಇಂಥವರ ಒತ್ತಾಯದಿಂದಲೇ 1996ರಲ್ಲಿ ಊರಿಗೆ ರಾಷ್ಟ್ರೀಯ ಐತಿಹಾಸಿಕ ತಾಣದ ಮಾನ್ಯತೆ ಸಿಕ್ಕಿತು. ಎರಡು ಚರ್ಚು, ಹಳೆಯ ಹೋಟೆಲು, 1918ರ ಶಾಲೆ ಮತ್ತು ಸುಣ್ಣಕಲ್ಲಿನಲ್ಲಿ ಕಟ್ಟಿದ 1939ರ ಟೌನ್‌ಶಿಪ್ ಹಾಲ್, ಈ ಐದು ಕಟ್ಟಡಗಳು ಇಂದಿಗೂ ನಿಂತಿವೆ. ನಾವು ಮಕ್ಕಳನ್ನು ಕರೆದೊಯ್ಯಬೇಕೆಂದಿರುವುದು ಆ ಹಬ್ಬದ ದಿನಗಳಲ್ಲೇ. ಬರೀ ಕಟ್ಟಡ ನೋಡಿ ಬರುವುದಕ್ಕಿಂತ ಆ ಜನರ ಬಾಯಲ್ಲೇ ಕೇಳುವುದು ಮೇಲು.

ಇನ್ನು ಹಣದ ವಿಚಾರ. ಬಂದ ದೇಣಿಗೆಯಲ್ಲಿ ಮೊದಲ ಪಾಲು ಪುಸ್ತಕದ ಚಿತ್ರ ಮತ್ತು ಮುದ್ರಣಕ್ಕೆ. ಬರೆಯುವವರು, ಕರಡು ತಿದ್ದುವವರು ಸಂಭಾವನೆ ಪಡೆಯುವುದಿಲ್ಲ. ಅಚ್ಚಾದ ಪ್ರತಿಗಳಲ್ಲಿ ಅರ್ಧದಷ್ಟನ್ನು ಕರ್ನಾಟಕದ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಿಗೆ ಉಚಿತವಾಗಿ ಕಳುಹಿಸುತ್ತೇವೆ. ಬರ, ಮಳೆ, ರೈಲು ಬಾರದ ಊರು, ನೆಲವಿಲ್ಲದವರ ಪಾಡು, ಇದಾವುದನ್ನೂ ಅಲ್ಲಿನ ಮಕ್ಕಳಿಗೆ ಬಿಡಿಸಿ ಹೇಳಬೇಕಾಗಿಲ್ಲ. ಎರಡನೆಯ ಪಾಲು ಬಸ್ಸಿಗೆ ಮತ್ತು ಒಂದು ರಾತ್ರಿಯ ವಸತಿಗೆ. ತಂಗಲು ಅಕ್ಕಪಕ್ಕದ ಹಿಲ್ ಸಿಟಿಗೋ ಸ್ಟಾಕ್‌ಟನ್‌ಗೋ ಹೋಗಬೇಕಾಗುತ್ತದೆ. 60 ಡಾಲರ್ ಕೊಟ್ಟರೆ ಒಂದು ಮಗುವಿನ ಪ್ರಯಾಣದ ಖರ್ಚು ನೀಗುತ್ತದೆ. ಉಳಿಕೆಯನ್ನೆಲ್ಲ ಆ ಊರಿನ ಮನೆತನಗಳ ಪತ್ರ, ಫೋಟೊಗಳನ್ನು ಕಾಪಾಡುತ್ತಿರುವ ನಿಕೋಡೆಮಸ್ ಹಿಸ್ಟಾರಿಕಲ್ ಸೊಸೈಟಿಗೆ ಒಪ್ಪಿಸುತ್ತೇವೆ. ಉಳಿಕೆಯೇ ಇಲ್ಲದಂತೆ ಖರ್ಚು ತೋರಿಸುವ ಜಾಣತನ ನಮ್ಮ ಖಜಾಂಚಿಗೆ ಇಲ್ಲ, ಲೆಕ್ಕ ಕೇಳಿದವರಿಗೆ ಪುಟ ತೆರೆದು ತೋರಿಸುತ್ತಾರೆ.

ಐದು ಡಾಲರ್ ಕೊಟ್ಟರೂ ರಶೀದಿ ಕೊಡುತ್ತೇವೆ. ಹೆಸರು ಅಚ್ಚಾಗುವುದು ಬೇಡವೆನ್ನುವವರು ಮೊದಲೇ ತಿಳಿಸಿ. ಹಣ ಕೊಡಲಾಗದವರು ಚಿತ್ರ ಬರೆದುಕೊಡಬಹುದು, ಕರಡು ನೋಡಿಕೊಡಬಹುದು, ಪ್ರವಾಸದ ದಿನ ಚಿತ್ರಾನ್ನವನ್ನೋ ಮೊಸರನ್ನವನ್ನೋ ಕಟ್ಟಿಕೊಡಬಹುದು. ಬಸ್ಸನ್ನು ಮುಂಗಡವಾಗಿ ಗೊತ್ತು ಮಾಡಬೇಕಾಗಿರುವುದರಿಂದ ಮೇ ತಿಂಗಳ ಕೊನೆಯೊಳಗೆ ನಿಮ್ಮ ಚೆಕ್ಕು ಅಥವಾ ಮಾತು ಶಾಲೆಗೆ ತಲುಪಲಿ.

ವಿಶ್ವಾಸಪೂರ್ವಕವಾಗಿ,
ಟ್ರಸ್ಟಿನ ಧರ್ಮದರ್ಶಿಗಳು ಮತ್ತು ಶಿಕ್ಷಕ ವೃಂದ