ತಮ್ಮನಿಗೆ, ಹೊಸ ಶಿವದಾರದ ಜೊತೆ

ಶಿಗ್ಗಾಂವಿ

ಪ್ರೀತಿಯ ತಮ್ಮಾ,

ದೊಡ್ಡವ್ವನ ಆಶೀರ್ವಾದ. ನಾವೆಲ್ಲ ಆರಾಮ ಇದ್ದೇವೆ. ನಿಮ್ಮ ದೊಡ್ಡಪ್ಪನ ಮೊಣಕಾಲು ನೋವು ಈಗ ಕಡಿಮೆ. ಫೋನ್ ಮಾಡಬಹುದಿತ್ತು, ಆದರೆ ಈ ಮಾತು ಆಡಲು ಹೋದರೆ ನಡುವೆಯೇ ನನಗೆ ಅಳು ಬರುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ದೀಪಾವಳಿಗೆ ಬಂದಾಗ ನಿನ್ನ ಕೊರಳಲ್ಲಿ ಲಿಂಗ ಇರಲಿಲ್ಲ. ಕೇಳಿದರೆ ಹಾಸ್ಟೆಲಿನ ಟ್ರಂಕಿನಲ್ಲಿದೆ ಅಂದೆ. ಗೆಳೆಯರು ನಗುತ್ತಾರಂತೆ. "ನಾವು ಬಂಡಾಯದವರು ದೊಡ್ಡವ್ವ, ಇವೆಲ್ಲ ನಮಗೆ ಬ್ಯಾಡ" ಅಂದೆ. ನಾನು ಬೈಯಲಿಲ್ಲ. ಅದೇ ರಾತ್ರಿ ನೀನು ನಿನ್ನ ಸ್ಟೇಟಸ್ ತೋರಿಸಿದೆ. ನಿಮ್ಮ ಗುಂಪಿನವರೆಲ್ಲ ಹಾಕಿದ್ದು ಅದೇ, ಒಂದಕ್ಷರವೂ ಬೇರೆ ಇಲ್ಲ. ಇದನ್ನು ನೀನು ಒಪ್ಪುತ್ತೀಯಾ ಅಂತ ನಾನು ಕೇಳಿದೆ. "ಪೂರ್ತಿ ಒಪ್ಪಂಗಿಲ್ಲ. ಆದ್ರ ಹಾಕ್ಲಿಲ್ಲಂದ್ರ ಯಾಕ ಸುಮ್ನಿದ್ದಿ ಅಂತ ಎಲ್ಲಾರೂ ಕೇಳ್ತಾರ" ಅಂದೆ ನೀನು. ಆ ಮಾತು ಇನ್ನೂ ನನ್ನ ಎದೆಯಲ್ಲೇ ಕೂತಿದೆ. ಸ್ಟೇಟಸ್ ಹಾಕಿದ್ದೂ ಹೆದರಿ, ಲಿಂಗ ತೆಗೆದಿದ್ದೂ ಹೆದರಿ. ಬಂಡಾಯ ಎಲ್ಲಿ ಬಂತು ತಮ್ಮಾ?

ನಾನೂ ಹೀಗೆ ಹೆದರಿದವಳೇ. ನಿಮ್ಮ ಅವ್ವನಿಗೂ ಇದನ್ನು ಹೇಳಿಲ್ಲ.

1980ರಲ್ಲಿ ನಾನು ಧಾರವಾಡದ ಹಾಸ್ಟೆಲಿನಲ್ಲಿದ್ದೆ. ಮಲಪ್ರಭಾ ಕಾಲುವೆಯ ಹೆಸರಿನಲ್ಲಿ ಬೆಟರ್‌ಮೆಂಟ್ ಲೆವಿ, ಅಂದರೆ ನೀರಾವರಿಯಿಂದ ಹೊಲದ ಬೆಲೆ ಏರಿತು ಅಂತ ಹಾಕುವ ಕರ, ಕಟ್ಟಿ ಅಂತ ಸರ್ಕಾರ ರೈತರ ಬೆನ್ನು ಹತ್ತಿತ್ತು. ಜುಲೈ 21ಕ್ಕೆ ನರಗುಂದ, ನವಲಗುಂದದಲ್ಲಿ ಗೋಲಿಬಾರ್ ಆಯಿತು. ರೈತರು ಸತ್ತರು. ಸಿಟ್ಟಿಗೆದ್ದ ಜನರ ಕೈಗೆ ಸಿಕ್ಕಿ ನರಗುಂದದಲ್ಲಿ ಪೊಲೀಸರೂ ಸತ್ತರು. ರೈತರ ಬೇಡಿಕೆ ನ್ಯಾಯದ್ದು. ಇವತ್ತಿಗೂ ನಾನು ಹಾಗೇ ಅನ್ನುತ್ತೇನೆ.

ನಮ್ಮ ಖೋಲಿಯಲ್ಲಿ ಆ ಕಡೆಯ ಹುಡುಗಿ ಒಬ್ಬಳಿದ್ದಳು. ಅವಳೂ ರೈತರ ಮಗಳೇ. ಸುದ್ದಿ ಬಂದ ರಾತ್ರಿ ಕಿಟಕಿಯಲ್ಲಿ ಎರಡು ಹಣತೆ ಹಚ್ಚಿದಳು. ಒಂದು ರೈತರಿಗೆ ಅಂದಳು. ಇನ್ನೊಂದು ಯಾರಿಗೆ ಅಂತ ಕೇಳಿದೆವು. "ಪೊಲೀಸರಿಗೆ. ಅವರ ಮನ್ಯಾಗೂ ಹೆಂಡ್ರು ಮಕ್ಳು ಇರ್ತಾರಲ್ಲ" ಅಂದಳು. ಅಷ್ಟೇ. ನಾವು ಐದು ಜನ ಅವಳ ಜೊತೆ ಮಾತು ಬಿಟ್ಟೆವು. ಊಟಕ್ಕೆ ಕೂತರೆ ಅವಳ ಮಗ್ಗುಲು ಖಾಲಿ. ದ್ರೋಹಿ ಅಂದೆವು. ರೈತರ ಪರವಾಗಿ ನಾವು ಹೊರಟ ಮೆರವಣಿಗೆಗೂ ಅವಳು ಬಂದಳು, ಎಲ್ಲರ ಹಿಂದೆ ಒಬ್ಬಳೇ ನಡೆದಳು. ವಾಪಸ್ ಬಂದು ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು, ಮತ್ತೆ ಎರಡು ಹಣತೆ ಹಚ್ಚಿದಳು. ಅವಳು ಮಾಡಿದ್ದು ಸರಿ ಅಂತ ನನಗೆ ಆವತ್ತೇ ಗೊತ್ತಿತ್ತು. ಉಳಿದ ನಾಲ್ವರಿಗೆ ಹೆದರಿ ಬಾಯಿ ಬಿಡಲಿಲ್ಲ. ನೂರಾರು ಜನರ ನಡುವೆ ಕೂಗಲು ನನಗೆ ಧೈರ್ಯವೇ ಬೇಕಾಗಿರಲಿಲ್ಲ. ಆ ಎರಡನೇ ಹಣತೆಗೆ ಎಷ್ಟು ಬೇಕಾಗಿತ್ತೋ! ಅದು ಅವಳಿಗೆ ಅವಳ ದೇವರಿಂದ ಬಂದಿತ್ತು.

ಈಗ ನಿನ್ನ ಟ್ರಂಕಿನ ಲಿಂಗದ ಮಾತು. 12ನೇ ಶತಮಾನದಲ್ಲಿ ಗುಡಿಯೊಳಗೆ ಕಾಲಿಡಲು ಬಿಡದಿದ್ದ ಜನರ ಅಂಗೈಗೆ ಶರಣರು ದೇವರನ್ನೇ ಕೊಟ್ಟರು. ಸಮಗಾರ ಹರಳಯ್ಯನ ಮಗ, ಬ್ರಾಹ್ಮಣ ಮಧುವರಸನ ಮಗಳು ಮದುವೆಯಾದರು. ಅದಕ್ಕೆ ಆ ಇಬ್ಬರು ತಂದೆಯರು ಜೀವ ತೆತ್ತರು ಅಂತ ಕೇಳುತ್ತಾ ಬಂದಿದ್ದೇವೆ. ನಿನ್ನ ಗೆಳೆಯರು ಹಳೇ ಕಾಲದ್ದು ಅಂತ ನಗುವುದು ಇದಕ್ಕೇ ಅಲ್ವಾ?

ನಮ್ಮ ತಾಲ್ಲೂಕಿನ ಶಿಶುನಾಳದ ಶರೀಫರನ್ನೇ ನೋಡು. 1819ರಲ್ಲಿ ಮುಸಲ್ಮಾನರ ಮನೆಯಲ್ಲಿ ಹುಟ್ಟಿದರು, ಕಳಸದ ಗೋವಿಂದ ಭಟ್ಟರನ್ನು ಗುರು ಅಂದರು. ಎರಡೂ ಕಡೆಯವರು ಬೈದರು. ಗುರುವೂ ಶಿಷ್ಯನ ಕೈ ಬಿಡಲಿಲ್ಲ, ಶಿಷ್ಯನೂ ಹಾಡು ನಿಲ್ಲಿಸಲಿಲ್ಲ. ಇವತ್ತು ಶರೀಫರ ಗದ್ದುಗೆಗೆ ಎರಡೂ ಧರ್ಮದ ಮಂದಿ ಬರುತ್ತಾರೆ. ಸಣ್ಣವನಿದ್ದಾಗ ನಿನ್ನನ್ನು ಎತ್ತಿಕೊಂಡು ಹೋಗಿದ್ದೆ. ಅಲ್ಲೇ ನಿದ್ದೆ ಮಾಡಿದ್ದೆ ನೀನು.

ಹಾಗಂತ ದೇವರ ಹೆಸರು ಕೂಗುವವರ ಹಿಂದೆ ಹೋಗು ಅಂತ ನಾನು ಹೇಳುತ್ತಿಲ್ಲ. ಶಾಲು ಯಾವ ಬಣ್ಣದ್ದಾದರೂ ಇರಲಿ, ಎಲ್ಲರೂ ಹೊದ್ದರು ಅಂತ ಹೊದ್ದರೆ ನಿನ್ನ ಸ್ಟೇಟಸ್ಸಿನ ಕಥೆಯೇ ಅದಕ್ಕೂ. ರಾಜಕೀಯ ಬಿಡು ಅಂತಲೂ ಅಲ್ಲ. ನ್ಯಾಯ ಅನಿಸಿದರೆ ಬೀದಿಗೆ ಇಳಿ, ನಾನೂ ಇಳಿದಿದ್ದೆ. ಆದರೆ ಬೆಳಿಗ್ಗೆ ಹತ್ತು ನಿಮಿಷ ಫೋನ್ ದೂರ ಇಟ್ಟು ಕಣ್ಣು ಮುಚ್ಚಿ ಕೂಡು. ನಿನ್ನ ಗುಂಪು ಯಾರನ್ನು ಜಾಸ್ತಿ ಬೈಯುತ್ತದೋ ಅವರಿಗೂ ಒಳ್ಳೆಯದಾಗಲಿ ಅಂತ ಕೇಳಿಕೋ. ಮೊದಮೊದಲು ಮನಸ್ಸು ಒಪ್ಪುವುದಿಲ್ಲ. ನನಗೂ ಒಪ್ಪಿರಲಿಲ್ಲ.

ಆ ಹುಡುಗಿ ಎಷ್ಟೋ ವರ್ಷದ ಮೇಲೆ ಗದಗಿನಲ್ಲಿ ಒಂದು ಮದುವೆಯಲ್ಲಿ ಸಿಕ್ಕಳು. ತಪ್ಪಾಯಿತು ಅಂದೆ. ಅವಳು ನನ್ನ ಕೈ ಹಿಡಿದುಕೊಂಡು ಮಗ್ಗುಲಲ್ಲಿ ಕೂಡಿಸಿಕೊಂಡಳು, ಇಬ್ಬರೂ ಒಂದೇ ಪಂಕ್ತಿಯಲ್ಲಿ ಊಟ ಮಾಡಿದೆವು.

ಈ ಪತ್ರದ ಜೊತೆ ಲಿಂಗ ಕಟ್ಟಿಕೊಳ್ಳುವ ಹೊಸ ಶಿವದಾರ ಇಟ್ಟಿದ್ದೇನೆ. ನಿನ್ನ ಹಳೆಯದು ಸವೆದಿತ್ತು, ಹೋದ ವರ್ಷವೇ ನೋಡಿದ್ದೆ. ಒಗ್ಗರಣೆ ಅವಲಕ್ಕಿಯೂ ಇದೆ, ಗೆಳೆಯರಿಗೂ ಕೊಡು. ಮುಂದಿನ ಸಲ ಬಂದಾಗ ಶಿಶುನಾಳಕ್ಕೆ ಹೋಗೋಣ.

ನಿನ್ನ
ದೊಡ್ಡವ್ವ