ರಸ್ತೆಯಲ್ಲೇ ತುಕ್ಕು ಹಿಡಿಯುತ್ತಿರುವ ಗಾಡಿಗಳು: ಪೊಲೀಸ್ ಆಯುಕ್ತರಿಗೊಂದು ಬಹಿರಂಗ ಪತ್ರ

ಬೆಂಗಳೂರು ನಗರ ಪೊಲೀಸ್ ಆಯುಕ್ತರಿಗೆ,

ನಮಸ್ಕಾರ.

ಈ ಊರಿನ ಯಾವ ಬಡಾವಣೆಯ ಒಳರಸ್ತೆಗೆ ಹೋದರೂ ಹೇಳೋರು ಕೇಳೋರು ಇಲ್ಲದ ಗಾಡಿ ಒಂದಾದರೂ ಸಿಗುತ್ತದೆ. ನಮ್ಮ ಅಡ್ಡರಸ್ತೆಯಲ್ಲಿರುವುದು ಒಂದು ಬಿಳಿ ಓಮ್ನಿ. ಮೂರು ಟೈರು ನೆಲ ಕಚ್ಚಿವೆ. ನಾಲ್ಕನೆಯದನ್ನು ಯಾರೋ ಬಿಚ್ಚಿಕೊಂಡು ಹೋಗಿದ್ದಾರೆ, ಆ ಜಾಗಕ್ಕೆ ಸೈಜುಗಲ್ಲು ಕೊಟ್ಟಿದೆ. ವೈಪರ್ ಸಂದಿಯಲ್ಲಿ ಅರಳಿ ಗಿಡ ಹುಟ್ಟಿದೆ. ನಿಂತಿರುವುದು ಸರಿಯಾಗಿ ಮೋರಿಯ ಬಾಯಿ ಮೇಲೆ. ಪೌರಕಾರ್ಮಿಕರ ಪೊರಕೆ ಅದರ ಅಡಿಗೆ ಹೋಗುವುದಿಲ್ಲ. ಜೋರು ಮಳೆ ಬಂದರೆ ನೀರು ಮೋರಿಗೆ ಇಳಿಯದೆ ಎದುರು ಮನೆಯ ಮೆಟ್ಟಿಲು ಹತ್ತುತ್ತದೆ.

ಠಾಣೆಗೆ ಹೋಗಿ ಹೇಳಿದರೆ ಟ್ರಾಫಿಕ್‌ನವರನ್ನು ಕೇಳಿ ಅಂತಾರೆ. ಅಲ್ಲಿಗೆ ಹೋದರೆ ಪಾಲಿಕೆಯ ಕಡೆ ಕೈ ತೋರಿಸುತ್ತಾರೆ. ಪಾಲಿಕೆಯವರು ಅದು ಪೊಲೀಸರ ಕೆಲಸ ಅಂತಾರೆ. ಹೀಗೆ ಸುತ್ತುವವರು ನಾವು. ಗಾಡಿ ಮಾತ್ರ ಅಲ್ಲೇ ಇದೆ.

ಕಾನೂನಿನಲ್ಲಿ ಇಷ್ಟು ಗೊಂದಲ ಇಲ್ಲ. 1988ರ ಮೋಟಾರು ವಾಹನ ಕಾಯ್ದೆಯ 127ನೇ ಸೆಕ್ಷನ್ ಸ್ಪಷ್ಟವಾಗಿದೆ. ಸಾರ್ವಜನಿಕ ಜಾಗದಲ್ಲಿ 10 ಗಂಟೆ ಅಥವಾ ಅದಕ್ಕಿಂತ ಜಾಸ್ತಿ ಹೊತ್ತು ಬಿಟ್ಟುಹೋದ ವಾಹನವನ್ನು ತೆಗೆಸಲು ಆ ವ್ಯಾಪ್ತಿಯ ಸಮವಸ್ತ್ರದಲ್ಲಿರುವ ಪೊಲೀಸ್ ಅಧಿಕಾರಿ ಅನುಮತಿ ಕೊಡಬಹುದು. ಎಳೆದೊಯ್ಯುವ ಖರ್ಚು ಮಾಲೀಕನದು. ಕಾನೂನು ಹೇಳುವುದು 10 ಗಂಟೆ. ನಮ್ಮ ರಸ್ತೆಗಳಲ್ಲಿ ಗಾಡಿಗಳು ವರ್ಷಗಟ್ಟಲೆ ನಿಂತಿವೆ.

ಹಾಗಾದರೆ ತೊಡಕು ಎಲ್ಲಿದೆ? ನಿಮ್ಮ ಯಾವುದಾದರೂ ಠಾಣೆಯ ಮುಂದೆ ಒಂದು ನಿಮಿಷ ನಿಂತು ನೋಡಿ ಸರ್. ಕೇಸಿನಲ್ಲಿ ಹಿಡಿದ ಬೈಕುಗಳು ಒಂದರ ಮೇಲೊಂದು ಬಿದ್ದಿರುತ್ತವೆ. ಅಪಘಾತದಲ್ಲಿ ನುಜ್ಜುಗುಜ್ಜಾದ ಕಾರು, ಸೀಟು ಹರಿದ ಆಟೋ, ಎಲ್ಲವೂ ಕಾಂಪೌಂಡು ದಾಟಿ ಫುಟ್‌ಪಾತಿಗೆ ಬಂದಿರುತ್ತವೆ. ಇಷ್ಟನ್ನು ಇಟ್ಟುಕೊಂಡಿರುವ ಇನ್‌ಸ್ಪೆಕ್ಟರ್ ಇನ್ನೊಂದು ಗಾಡಿಯನ್ನು ಎಳೆದು ತಂದು ಎಲ್ಲಿ ನಿಲ್ಲಿಸಬೇಕು? ಅವರಿಗೆ ಮನಸ್ಸಿಲ್ಲ ಎಂದು ನಾನು ಹೇಳುವುದಿಲ್ಲ, ಜಾಗವೇ ಇಲ್ಲ. ಠಾಣೆ ಮುಂದಿನ ರಾಶಿ ಕರಗದೆ ರಸ್ತೆ ಮೇಲಿನ ಗಾಡಿ ಕದಲುವುದಿಲ್ಲ. ಈ ಪತ್ರ ಬರೆದಿದ್ದೇ ಈ ಮಾತು ಹೇಳಲು.

ಆ ರಾಶಿ ಕರಗಿಸಲು ದಾರಿಯೂ ಇದೆ. ಸುಂದರಭಾಯಿ ಅಂಬಾಲಾಲ್ ದೇಸಾಯಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2002ರಲ್ಲೇ ಹೇಳಿದೆ: ಜಪ್ತಿಯಾದ ವಾಹನಗಳನ್ನು ಠಾಣೆಯಲ್ಲಿ ಸುಮ್ನೆ ವರ್ಷಗಟ್ಟಲೆ ಇಟ್ಟುಕೊಂಡು ಪ್ರಯೋಜನವಿಲ್ಲ. ಫೋಟೊ ತೆಗೆಯಿರಿ, ಪಂಚನಾಮೆ ಮಾಡಿ, ಬಾಂಡ್ ಬರೆಸಿಕೊಂಡು ಮಾಲೀಕನಿಗೆ ಬಿಟ್ಟುಕೊಡಿ. ಮಾಲೀಕನಾಗಲಿ ವಿಮಾ ಕಂಪನಿಯಾಗಲಿ ಬರದಿದ್ದರೆ ಕೋರ್ಟಿನ ಆದೇಶ ಪಡೆದು ಮಾರಿ. ವಾರಸುದಾರರಿಲ್ಲದ ವಸ್ತುವಿಗೂ ಹಾಗೇ. ಮ್ಯಾಜಿಸ್ಟ್ರೇಟರಿಗೆ ವರದಿ ಕೊಟ್ಟು, ಪ್ರಕಟಣೆ ಹೊರಡಿಸಿ, 6 ತಿಂಗಳು ಕಾದು ವಿಲೇವಾರಿ ಮಾಡುವ ಪದ್ಧತಿ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯಲ್ಲೂ ಇತ್ತು, 2024ರ ಜುಲೈ 1ರಿಂದ ಜಾರಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆಯಲ್ಲೂ ಇದೆ. ಮಾರಾಟಕ್ಕೂ ಬಾರದ್ದನ್ನು ಗುಜರಿಗೆ ಕಳಿಸಲು 2021ರಲ್ಲಿ ಬಂದ ವಾಹನ ಸ್ಕ್ರ್ಯಾಪಿಂಗ್ ಕೇಂದ್ರಗಳ ನಿಯಮಗಳಿವೆ. ಕೆಲವು ಠಾಣೆಗಳು ಆಗಾಗ ಹರಾಜು ಹಾಕುತ್ತವೆ, ನಿಜ. ಆದರೆ ಅಲ್ಲಿಗೆ ಬರುವ ಅಧಿಕಾರಿಗೆ ಆಸಕ್ತಿ ಇದ್ದರೆ ಹರಾಜು, ಇಲ್ಲದಿದ್ದರೆ ಇಲ್ಲ. ಹೀಗಾಗಬಾರದು.

ಇನ್ನೊಂದು ವಿಷಯ ನನ್ನನ್ನು ತುಂಬಾ ಕಾಡುತ್ತದೆ. ಧೂಳು ಹಿಡಿದು ನಿಂತ ಬೈಕುಗಳಲ್ಲಿ ಕೆಲವು ಕಳುವಾದವು ಇರಬಹುದು ಅಲ್ವಾ? ಡೆಲಿವರಿ ಮಾಡುವ ಹುಡುಗನೊಬ್ಬ ಇಲ್ಲದ ಗಾಡಿಗೆ ತಿಂಗಳು ತಿಂಗಳು ಕಂತು ಕಟ್ಟುತ್ತಿರಬಹುದು. ಅದೇ ಗಾಡಿ ಪಕ್ಕದ ಬಡಾವಣೆಯಲ್ಲಿ ಮರದ ಕೆಳಗೆ ನಿಂತಿರಬಹುದು. ಚಾಸಿ ನಂಬರು, ಎಂಜಿನ್ ನಂಬರು ಬರೆದುಕೊಂಡು ಕಳುವಿನ ವಾಹನಗಳ ದಾಖಲೆಯೊಂದಿಗೆ ತಾಳೆ ನೋಡಲು ಎಷ್ಟು ಹೊತ್ತು ಬೇಕು? ಬೀಟ್ ಪೊಲೀಸರು ಆ ರಸ್ತೆಯಲ್ಲಿ ಹೇಗೂ ಓಡಾಡುತ್ತಾರೆ.

ಸೊಳ್ಳೆಯ ಮಾತನ್ನೂ ಹೇಳಲೇಬೇಕು. 2024ರಲ್ಲಿ ರಾಜ್ಯದಲ್ಲಿ ಡೆಂಗಿ ಜಾಸ್ತಿಯಾದಾಗ ಸರ್ಕಾರ ನಿಯಮ ತಂದು, ನೀರು ನಿಂತು ಸೊಳ್ಳೆ ಬೆಳೆಯಲು ಬಿಟ್ಟ ನಗರದ ಮನೆಗಳಿಗೆ 400 ರೂಪಾಯಿ ದಂಡ ಗೊತ್ತುಮಾಡಿತು. ಸರಿಯಾದ ಕೆಲಸ. ಆದರೆ ಗಾಜು ಒಡೆದ ಕಾರಿನೊಳಗೆ, ಬಿಚ್ಚಿದ ಟೈರಿನೊಳಗೆ ನಿಲ್ಲುವ ಮಳೆನೀರಿಗೆ ಯಾರು ಹೊಣೆ?

ಹಾಗಂತ ಹಳೆಯ ಟೋಯಿಂಗ್ ವಾಪಸ್ ಬರಲಿ ಎಂದು ನಾನು ಕೇಳುತ್ತಿಲ್ಲ. ಅಂಗಡಿಗೆ ಹೋಗಿ ಬರುವಷ್ಟರಲ್ಲಿ ಸ್ಕೂಟರು ಲಾರಿ ಮೇಲೆ ಇರುತ್ತಿತ್ತು. ಜನರ ಸಿಟ್ಟು ಹೆಚ್ಚಾಗಿ 2022ರಲ್ಲಿ ಅದನ್ನು ನಿಲ್ಲಿಸಬೇಕಾಯಿತು. ನಿಂತುಹೋದ ಗಾಡಿಗಳ ಹಿಂದೆಯೂ ಕಷ್ಟಗಳಿರುತ್ತವೆ. ಮಾಲೀಕರು ತೀರಿಹೋಗಿರಬಹುದು, ರಿಪೇರಿಗೆ ದುಡ್ಡಿಲ್ಲದಿರಬಹುದು. ಅದಕ್ಕೇ ಮೊದಲು ಗಾಜಿನ ಮೇಲೆ ದಿನಾಂಕ ಹಾಕಿದ ನೋಟಿಸ್ ಅಂಟಿಸಿ. ಆರ್‌ಸಿಯಲ್ಲಿರುವ ವಿಳಾಸಕ್ಕೆ ಕಾಗದ, ಫೋನಿಗೆ ಮೆಸೇಜು ಹೋಗಲಿ. ಗುಜರಿಗೆ ಹಾಕುತ್ತೇನೆ ಅಂದವರಿಗೆ ದಾರಿ ತೋರಿಸಿ. ಅಷ್ಟಾದ ಮೇಲೂ ಯಾರೂ ಬರದಿದ್ದರೆ ಎತ್ತಿ.

ಪ್ರತಿ ಠಾಣೆಯಲ್ಲೂ ಈ ಕೆಲಸಕ್ಕೆ ಒಬ್ಬ ಸಬ್ ಇನ್‌ಸ್ಪೆಕ್ಟರ್ ಅನ್ನು ಹೊಣೆ ಮಾಡಿ. ಕಾನೂನು ಸುವ್ಯವಸ್ಥೆ, ಟ್ರಾಫಿಕ್ ಎರಡೂ ನಿಮ್ಮ ಕೈಕೆಳಗೇ ಇವೆ. ಹಾಗಾಗಿ 'ನಮ್ಮದಲ್ಲ' ಎಂಬ ಉತ್ತರವನ್ನು ನಿಲ್ಲಿಸಲು ನಿಮ್ಮ ಒಂದು ಆದೇಶ ಸಾಕು. ಗಾಡಿ ಇಡಲು ಊರ ಹೊರಗೆ ಜಾಗ ಬೇಕಾದರೆ ಗ್ರೇಟರ್ ಬೆಂಗಳೂರು ಪ್ರಾಧಿಕಾರವನ್ನು ಕೇಳಿ, ನಿವಾಸಿಗಳಾಗಿ ನಾವೂ ನಮ್ಮ ಶಾಸಕರನ್ನು ಒತ್ತಾಯಿಸುತ್ತೇವೆ. ಯಾವ ಠಾಣೆಯಲ್ಲಿ ಎಷ್ಟು ವಾಹನ ಬಿದ್ದಿವೆ, ಯಾವಾಗಿನಿಂದ, ಮುಂದಿನ ಹರಾಜು ಯಾವಾಗ ಎಂಬ ಪಟ್ಟಿಯನ್ನು ಠಾಣೆಯ ಬೋರ್ಡಿನಲ್ಲೇ ಹಾಕಿಸಿ. ಮೊದಲ ಪಟ್ಟಿ ಈ ಮಳೆಗಾಲ ಶುರುವಾಗುವ ಮುಂಚೆ ಬಂದರೆ ಒಳ್ಳೆಯದು.

ಇಂತಿ,
ಬೆಂಗಳೂರಿನ ಒಬ್ಬ ನಿವಾಸಿ